ಬಾಡಿಗೆದಾರನ ಪಕ್ಷ ಹಿಡಿದ ಆಟಗಾರ: ರೋಜರ್ ಸ್ಟಾಬಾಕ್ ಅವರ ಎರಡು ವೃತ್ತಿಗಳು

ರಾತ್ರಿ ಹೊತ್ತು ಸಾಗುವ ಹಡಗಿನ ಎಡಮಗ್ಗುಲಲ್ಲಿ ಕೆಂಪು ದೀಪವೂ ಬಲಮಗ್ಗುಲಲ್ಲಿ ಹಸಿರು ದೀಪವೂ ಉರಿಯುತ್ತಿರಬೇಕೆಂಬುದು ಸಮುದ್ರಯಾನದ ಕಟ್ಟಳೆ. ದೂರದಲ್ಲಿ ಕೆಂಪು ಮಾತ್ರ ಕಂಡರೆ ಆ ಹಡಗು ತನ್ನ ಎಡಮಗ್ಗುಲನ್ನು ತೋರಿಸುತ್ತಾ ಅಡ್ಡ ಹಾಯುತ್ತಿದೆ ಎಂದರ್ಥ. ಹಸಿರು ಮಾತ್ರ ಕಂಡರೆ ಬಲಮಗ್ಗುಲು. ಎರಡೂ ಒಟ್ಟಿಗೆ ಕಂಡರೆ ಅದು ನೇರವಾಗಿ ನಮ್ಮತ್ತಲೇ ಬರುತ್ತಿದೆ. ಈ ಎರಡು ಬಣ್ಣಗಳನ್ನು ಬೇರ್ಪಡಿಸಿ ನೋಡಲಾರದ ಅಧಿಕಾರಿಯ ಕೈಗೆ ಅಮೆರಿಕದ ನೌಕಾಪಡೆ ಯುದ್ಧನೌಕೆಯ ಚಾಲನೆಯನ್ನು ಕೊಡುತ್ತಿರಲಿಲ್ಲ. 1965ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಪದವಿ ಪಡೆದು ಹೊರಬಂದ ರೋಜರ್ ಸ್ಟಾಬಾಕ್ ಅವರಿಗೆ ಕೆಂಪು ಮತ್ತು ಹಸಿರಿನ ವರ್ಣಾಂಧತೆ ಇತ್ತು. ಹೀಗಾಗಿ ಅವರನ್ನು ಸರಬರಾಜು ವಿಭಾಗಕ್ಕೆ, ಅಂದರೆ ಪಡೆಗೆ ಬೇಕಾದ ಸಾಮಾನು ಸರಂಜಾಮನ್ನು ಲೆಕ್ಕವಿಟ್ಟು ತಲುಪಿಸುವ ಕೆಲಸಕ್ಕೆ ಸೇರಿಸಲಾಯಿತು. ಅದಕ್ಕೆ ಎರಡೇ ವರ್ಷಗಳ ಹಿಂದೆ ಅವರು ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಗೌರವವಾದ ಹೈಸ್ಮನ್ ಟ್ರೋಫಿಯನ್ನು ಪಡೆದು ದೇಶಕ್ಕೆಲ್ಲ ಪರಿಚಿತರಾಗಿದ್ದರು.

ಸ್ಟಾಬಾಕ್ ಅವರನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಮೈದಾನದ ಕಥೆಯನ್ನು ವಿಸ್ತಾರವಾಗಿ ಹೇಳಿ, ಕೊನೆಯಲ್ಲಿ ‘ನಿವೃತ್ತಿಯ ನಂತರ ಉದ್ಯಮಿಯಾಗಿಯೂ ಯಶಸ್ವಿಯಾದರು’ ಎಂಬ ಒಂದು ವಾಕ್ಯ ಸೇರಿಸುತ್ತಾರೆ. ಆ ವಾಕ್ಯದಲ್ಲಿರುವ ‘ನಂತರ’ ಎಂಬ ಪದವೇ ತಪ್ಪು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಅವರ ಉದ್ಯಮ ಆಟದ ಕೀರ್ತಿಗೆ ಸಿಕ್ಕ ಬಹುಮಾನವಾಗಿರಲಿಲ್ಲ. ಆಟ ನಡೆಯುತ್ತಿದ್ದ ಹತ್ತು ವರ್ಷಗಳುದ್ದಕ್ಕೂ ಅದು ಆಟದ ಪಕ್ಕದಲ್ಲಿಯೇ ಬೆಳೆಯಿತು. ಇದು ಅರ್ಥವಾಗಬೇಕಾದರೆ ಕ್ವಾರ್ಟರ್‌ಬ್ಯಾಕ್ ಎಂಬುವನು ಮೈದಾನದಲ್ಲಿ ಮಾಡುವ ಕೆಲಸವೇನು ಎಂಬುದು ಮೊದಲು ತಿಳಿಯಬೇಕು. ಅದಕ್ಕಿಂತ ಹೆಚ್ಚಾಗಿ, ಕಚೇರಿ ಕಟ್ಟಡಗಳ ಬಾಡಿಗೆ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದು ತಿಳಿಯಬೇಕು.

ಅಮೆರಿಕನ್ ಫುಟ್‌ಬಾಲ್ ನೋಡಿ ಅಭ್ಯಾಸವಿಲ್ಲದವರಿಗೆ ಕಬಡ್ಡಿಯನ್ನು ನೆನಪಿಸಿಕೊಂಡರೆ ದಾರಿ ಸುಲಭವಾಗುತ್ತದೆ. ಎರಡು ತಂಡಗಳು ಒಂದು ಗೆರೆಯ ಆಚೀಚೆ ಎದುರುಬದುರಾಗಿ ನಿಲ್ಲುತ್ತವೆ. ಆಟ ಕೆಲವೇ ಕ್ಷಣ ನಡೆದು ನಿಲ್ಲುತ್ತದೆ. ಮತ್ತೆ ಸಜ್ಜಾಗಿ ಶುರುವಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಗೆರೆ ಒಂದೇ ಕಡೆ ಇರುವುದಿಲ್ಲ, ಚೆಂಡು ಎಲ್ಲಿಯವರೆಗೆ ಸಾಗಿತೋ ಅಲ್ಲಿಗೆ ಸರಿಯುತ್ತದೆ. ಪ್ರತಿ ತಂಡದಲ್ಲಿ 11 ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶಗಳಿದ್ದು, ಅಷ್ಟರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ ದೊರೆಯುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಎದುರಾಳಿಯ ಕೊನೆಯ ಗೆರೆಯನ್ನು ಚೆಂಡಿನೊಂದಿಗೆ ದಾಟಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಪ್ರತಿ ಅವಕಾಶದಲ್ಲಿಯೂ ಚೆಂಡು ಮೊದಲು ಬಂದು ಸೇರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅದನ್ನು ಪಕ್ಕದವನಿಗೆ ಕೊಟ್ಟು ಓಡಿಸಬೇಕೇ, ದೂರದಲ್ಲಿ ಓಡುತ್ತಿರುವ ಸಂಗಡಿಗನಿಗೆ ಎಸೆಯಬೇಕೇ, ತಾನೇ ಹಿಡಿದು ಓಡಬೇಕೇ ಎಂಬುದನ್ನು ಅವನು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು; ಅಷ್ಟರಲ್ಲಿ ನೂರು ಕಿಲೋ ಮೀರಿದ ದೇಹಗಳು ಅವನನ್ನು ಕೆಡವಲೆಂದೇ ನುಗ್ಗಿ ಬರುತ್ತಿರುತ್ತವೆ. ಆಟದ ಯೋಜನೆ ಮೊದಲೇ ಸಿದ್ಧವಾಗಿರುತ್ತದೆ, ನಿಜ. ಆದರೆ ಎದುರಾಳಿಗಳು ನಿಂತಿರುವ ಬಗೆಯನ್ನು ನೋಡಿ ಆ ಯೋಜನೆ ಈಗ ಫಲಿಸುತ್ತದೆಯೋ ಇಲ್ಲವೋ ಎಂದು ಓದಿಕೊಳ್ಳುವ ಹೊಣೆ ಅವನದು.

ಸ್ಟಾಬಾಕ್ ಹುಟ್ಟಿದ್ದು 1942ರ ಫೆಬ್ರುವರಿ 5ರಂದು, ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ, ಕ್ಯಾಥೊಲಿಕ್ ಕುಟುಂಬವೊಂದರ ಒಬ್ಬನೇ ಮಗನಾಗಿ. ಅಲ್ಲಿನ ಪರ್ಸೆಲ್ ಹೈಸ್ಕೂಲಿನಲ್ಲಿ ಓದು ಮುಗಿಸಿ, ನ್ಯೂ ಮೆಕ್ಸಿಕೊ ಮಿಲಿಟರಿ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವರ್ಷ ಕಳೆದು, 1961ರಲ್ಲಿ ನೌಕಾ ಅಕಾಡೆಮಿ ಸೇರಿದರು. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂಬುದು ನಮ್ಮ ಅಂತರಕಾಲೇಜು ಕ್ರೀಡಾಕೂಟದಂತಹ ಸಣ್ಣ ಸಂಗತಿಯಲ್ಲ. ಹತ್ತಾರು ಸಾವಿರ ಜನ ಕೂರುವ ಕ್ರೀಡಾಂಗಣಗಳು ತುಂಬುತ್ತವೆ, ದೂರದರ್ಶನದಲ್ಲಿ ದೇಶವೇ ನೋಡುತ್ತದೆ, ಊರಿಗೆ ಊರೇ ತನ್ನ ವಿಶ್ವವಿದ್ಯಾಲಯದ ಬಣ್ಣ ತೊಟ್ಟು ಹೊರಡುತ್ತದೆ. ಅದರಲ್ಲಿಯೂ ಭೂಸೇನೆಯ ವೆಸ್ಟ್ ಪಾಯಿಂಟ್ ಮತ್ತು ನೌಕಾಪಡೆಯ ಅನಾಪೊಲಿಸ್ ನಡುವಿನ ವಾರ್ಷಿಕ ಪಂದ್ಯಕ್ಕೆ ಹಬ್ಬದ ಮರ್ಯಾದೆ.

1963ರ ಹಂಗಾಮು ಸ್ಟಾಬಾಕ್ ಅವರದಾಗಿತ್ತು. ಕೆಡವಲು ಬಂದವರ ಕೈಗೆ ಸಿಗದೆ ಅತ್ತಿತ್ತ ನುಣುಚಿಕೊಂಡು ಓಡಿ, ಓಡುತ್ತಲೇ ಚೆಂಡೆಸೆಯುವ ಅವರ ಆಟಕ್ಕೆ ‘ರೋಜರ್ ದ ಡಾಡ್ಜರ್’, ಅಂದರೆ ತಪ್ಪಿಸಿಕೊಳ್ಳುವ ರೋಜರ್ ಎಂಬ ಅಡ್ಡಹೆಸರು ಬಿದ್ದಿತ್ತು. ಅಕ್ಟೋಬರಿನಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ನವೆಂಬರ್ 29ರ ಲೈಫ್ ಪತ್ರಿಕೆಯ ಮುಖಪುಟಕ್ಕೂ ಅವರದೇ ಚಿತ್ರ ಅಣಿಯಾಗಿತ್ತು. ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯಾಯಿತು. ಮುಖಪುಟಕ್ಕೆ ಕೆನಡಿಯವರ ಭಾವಚಿತ್ರ ಬಂತು. ಕೆಲವು ಮುಂಗಡ ಪ್ರತಿಗಳಲ್ಲಿ ಅಚ್ಚಾಗಿದ್ದ ಆಟಗಾರನ ಚಿತ್ರ ಓದುಗರ ಕೈ ಸೇರಲಿಲ್ಲ. ನಾಲ್ಕು ದಿನಗಳ ತರುವಾಯ ಹೈಸ್ಮನ್ ಟ್ರೋಫಿ ಸ್ಟಾಬಾಕ್ ಅವರಿಗೆ ಎಂದು ಪ್ರಕಟವಾದಾಗ ದೇಶ ಶೋಕದಲ್ಲಿತ್ತು.

ಕೆನಡಿ ಸ್ವತಃ ನೌಕಾಪಡೆಯಲ್ಲಿ ಯುದ್ಧ ಮಾಡಿದವರು, ಹಿಂದಿನ ಎರಡು ವರ್ಷವೂ ಭೂಸೇನೆ ಮತ್ತು ನೌಕಾಪಡೆಗಳ ನಡುವಿನ ಆ ವಾರ್ಷಿಕ ಪಂದ್ಯಕ್ಕೆ ಬಂದು ಕೂತವರು. ಪಂದ್ಯವನ್ನು ರದ್ದು ಮಾಡದೆ ನಡೆಸಬೇಕೆಂದು ಅವರ ಪತ್ನಿ ಜಾಕ್ವೆಲಿನ್ ಕೆನಡಿಯವರೇ ಕೇಳಿಕೊಂಡ ಕಾರಣ ಅದನ್ನು ಡಿಸೆಂಬರ್ 7ಕ್ಕೆ ಮುಂದೂಡಲಾಯಿತು. ನೌಕಾ ಅಕಾಡೆಮಿ 21–15ರಲ್ಲಿ ಗೆದ್ದಿತು. ಆದರೆ ಆ ಗೆಲುವಿನ ಕೊನೆಯ ಕ್ಷಣಗಳಲ್ಲಿ ಸ್ಟಾಬಾಕ್ ಮೈದಾನದ ಹೊರಗೆ ನಿಂತಿದ್ದರು. ಭೂಸೇನೆಯ ತಂಡ ಗೆರೆಯಿಂದ ಎರಡು ಗಜ ದೂರದವರೆಗೆ ಬಂದು, ಪ್ರೇಕ್ಷಕರ ಗದ್ದಲದಲ್ಲಿ ತನ್ನ ಕ್ವಾರ್ಟರ್‌ಬ್ಯಾಕ್‌ನ ಸೂಚನೆ ಕೇಳಿಸದೆ ಒದ್ದಾಡುತ್ತಿದ್ದಾಗಲೇ ಆಟದ ಸಮಯ ಮುಗಿದುಹೋಯಿತು. ಇಂದು ಕ್ರಿಕೆಟ್ ನೋಡುವ ನಾವೆಲ್ಲ ಸಹಜವೆಂದುಕೊಂಡಿರುವ, ನಡೆದದ್ದನ್ನು ಮರುಕ್ಷಣವೇ ಮತ್ತೆ ತೋರಿಸುವ ‘ಇನ್‌ಸ್ಟಂಟ್ ರೀಪ್ಲೇ’ ದೂರದರ್ಶನದಲ್ಲಿ ಮೊದಲ ಸಲ ಪ್ರಸಾರವಾದದ್ದು ಇದೇ ಪಂದ್ಯದಲ್ಲಿ. ಸಿಬಿಎಸ್ ವಾಹಿನಿಯ ಟೋನಿ ವರ್ನಾ ಎಂಬ ನಿರ್ದೇಶಕರು ಅರ್ಧ ಟನ್ನಿಗೂ ಮೀರಿದ ತೂಕದ ಟೇಪ್ ಯಂತ್ರವನ್ನು ಮೈದಾನಕ್ಕೆ ತರಿಸಿ, ಭೂಸೇನೆಯ ತಂಡದ ಟಚ್‌ಡೌನ್ ಒಂದನ್ನು ಮತ್ತೆ ತೋರಿಸಿದರು. ಅದು ಹೊಸ ಟಚ್‌ಡೌನ್ ಅಲ್ಲ ಎಂದು ವೀಕ್ಷಕ ವಿವರಣೆಗಾರರು ಜನರಿಗೆ ಕೂಗಿ ತಿಳಿಸಬೇಕಾಯಿತು.

ಗೆದ್ದ ತಂಡ 1964ರ ಜನವರಿ 1ರಂದು, ಹಂಗಾಮಿನ ಕೊನೆಗೆ ಕಾಲೇಜು ತಂಡಗಳ ನಡುವೆ ನಡೆಯುವ ಕಾಟನ್ ಬೌಲ್ ಪಂದ್ಯಕ್ಕಾಗಿ ಡಲ್ಲಾಸ್‌ಗೆ ಹೋಯಿತು. ಅಧ್ಯಕ್ಷರ ಕೊಲೆ ನಡೆದು ಆರು ವಾರವೂ ಆಗಿರದ ಊರು ಅದು. ಅಗ್ರಸ್ಥಾನದಲ್ಲಿದ್ದ ಟೆಕ್ಸಸ್ ವಿಶ್ವವಿದ್ಯಾಲಯದ ಎದುರು ಎರಡನೆಯ ಸ್ಥಾನದಲ್ಲಿದ್ದ ನೌಕಾ ಅಕಾಡೆಮಿ 28–6ರಲ್ಲಿ ಸೋತಿತು. ಮುಂದೆ ತನ್ನ ಬದುಕನ್ನೆಲ್ಲ ಕಳೆಯಲಿದ್ದ ಊರಿನಲ್ಲಿ ಸ್ಟಾಬಾಕ್ ಅವರಿಗೆ ಆ ದಿನ ದೊರೆತದ್ದು ಸೋಲು.

ಆಗ ಅಕಾಡೆಮಿಯಲ್ಲಿ ಓದಿದವರು ನಾಲ್ಕು ವರ್ಷ ಪಡೆಯಲ್ಲಿ ಸೇವೆ ಸಲ್ಲಿಸಬೇಕಾಗಿತ್ತು. ಇದು ತಿಳಿದಿದ್ದರಿಂದಲೇ ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, 1964ರಲ್ಲಿ, ಅವು ಅವರನ್ನು ಬಹಳ ಹಿಂದಕ್ಕೆ ಬಿಟ್ಟವು. ಡಲ್ಲಾಸ್ ಕೌಬಾಯ್ಸ್ ತಂಡ ಹತ್ತನೆಯ ಸುತ್ತಿನಲ್ಲಿ, 129ನೆಯ ಆಟಗಾರನಾಗಿ ಅವರನ್ನು ಆರಿಸಿಕೊಂಡಿತು. ಬಂದರೆ 1969ರಲ್ಲಿ ಬರಬಹುದಾದ, ಬಾರದೆಯೂ ಇರಬಹುದಾದ ಆಟಗಾರನ ಮೇಲೆ ಹೂಡಿದ ಸಣ್ಣ ಪಣ ಅದು. ಸ್ಟಾಬಾಕ್ ಸ್ವದೇಶದಲ್ಲಿಯೇ ಉಳಿಯುವ ಹುದ್ದೆಯನ್ನು ಕೇಳಬಹುದಿತ್ತು. ಬದಲಿಗೆ ತಾವಾಗಿಯೇ ವಿಯೆಟ್ನಾಂಗೆ ಹೆಸರು ಕೊಟ್ಟು, ಚು ಲಾಯ್ ನೆಲೆಯಲ್ಲಿ 1967ರವರೆಗೆ ಸರಬರಾಜು ಅಧಿಕಾರಿಯಾಗಿ ದುಡಿದರು. ಯುದ್ಧನೆಲೆಯೊಂದರಲ್ಲಿ ಸರಬರಾಜು ಎಂದರೆ ಹಡಗಿನಿಂದ ಇಳಿಯುವ ಸಾಮಾನಿನ ಎಣಿಕೆ, ದಾಸ್ತಾನಿನ ಲೆಕ್ಕ, ಇಂದು ತಲುಪಬೇಕಾದದ್ದು ನಾಳೆಗೆ ಉಳಿದರೆ ಆಗುವ ಅನಾಹುತದ ಅರಿವು. ನೆಲೆಯಲ್ಲಿ ಬಿಡುವಾದಾಗ ಚೆಂಡೆಸೆದು ಕೈ ಪಳಗಿಸಿಕೊಳ್ಳುತ್ತಿದ್ದರು. ಸ್ವದೇಶಕ್ಕೆ ಮರಳಿದ ಮೇಲೆ ಫ್ಲಾರಿಡಾದ ಪೆನ್ಸಕೋಲಾ ನೌಕಾ ವಾಯುನೆಲೆಯ ತಂಡಕ್ಕೆ ಆಡಿದರು, ರಜೆ ಹಾಕಿ ಕೌಬಾಯ್ಸ್ ತಂಡದ ತರಬೇತಿ ಶಿಬಿರಕ್ಕೆ ಹೋಗಿ ಬಂದರು. 1969ರಲ್ಲಿ ಅವರು ಡಲ್ಲಾಸ್ ತಂಡ ಸೇರಿದಾಗ ವಯಸ್ಸು 27. ಅವರ ಓರಗೆಯವರು ಅಷ್ಟು ಹೊತ್ತಿಗೆ ನಾಲ್ಕೈದು ಹಂಗಾಮು ಮುಗಿಸಿದ್ದರು.

ಈ ತಡವಾದ ಆರಂಭವೇ ಮುಂದಿನದಕ್ಕೆಲ್ಲ ಕೀಲಿಕೈ ಎಂದು ನನಗೆ ತೋರುತ್ತದೆ. 22ರ ಹುಡುಗನಿಗೆ ಆಟದ ಬದುಕು ಕೊನೆಯೇ ಇಲ್ಲದಂತೆ ಕಾಣಬಹುದು. 1965ರಲ್ಲಿ ಮದುವೆಯಾಗಿ, ಎಳೆಯ ಮಕ್ಕಳ ತಂದೆಯಾಗಿ, 27ರಲ್ಲಿ ಹೊಸಬನಾಗಿ ಬೆಂಚಿನ ಮೇಲೆ ಕೂತವನಿಗೆ ಹಾಗೆ ಕಾಣುವುದಿಲ್ಲ. ಆಗಿನ ವೃತ್ತಿಪರ ಆಟಗಾರರ ಸಂಬಳ ಇಂದಿನಂತಿರಲಿಲ್ಲ. ಹಂಗಾಮು ಮುಗಿದ ಮೇಲೆ ವಿಮೆ ಮಾರುವವರು, ಅಂಗಡಿ ನಡೆಸುವವರು, ಶಾಲೆಯಲ್ಲಿ ಪಾಠ ಹೇಳುವವರು ತಂಡಗಳಲ್ಲಿ ಸಾಮಾನ್ಯವಾಗಿದ್ದರು. ಸ್ಟಾಬಾಕ್ 1970ರಲ್ಲಿ ಡಲ್ಲಾಸ್‌ನ ಹಳೆಯ ರಿಯಲ್ ಎಸ್ಟೇಟ್ ಸಂಸ್ಥೆಯಾದ ಹೆನ್ರಿ ಎಸ್. ಮಿಲ್ಲರ್ ಕಂಪನಿಗೆ ಸೇರಿದರು. ಅಂದರೆ, ತಂಡದಲ್ಲಿ ಖಾಯಂ ಸ್ಥಾನ ಸಿಗುವ ಮೊದಲೇ ಅವರಿಗೆ ಕಚೇರಿಯಲ್ಲಿ ಒಂದು ಮೇಜು ಸಿಕ್ಕಿತ್ತು.

ಮೈದಾನದ ಮುಂದಿನ ಕಥೆ ಪ್ರಸಿದ್ಧವಾದುದರಿಂದ ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ತರಬೇತುದಾರ ಟಾಮ್ ಲ್ಯಾಂಡ್ರಿ ಶಿಸ್ತಿನ, ಲೆಕ್ಕಾಚಾರದ ಮನುಷ್ಯ. ಕ್ವಾರ್ಟರ್‌ಬ್ಯಾಕ್ ತನ್ನಿಚ್ಛೆಯಂತೆ ಓಡಾಡುವುದನ್ನು ಒಪ್ಪದವರು. 1971ರಲ್ಲಿ ಕ್ರೇಗ್ ಮಾರ್ಟನ್ ಮತ್ತು ಸ್ಟಾಬಾಕ್ ಇಬ್ಬರಲ್ಲಿ ಯಾರನ್ನು ಆಡಿಸಬೇಕೆಂದು ತೋಚದೆ, ಶಿಕಾಗೊ ತಂಡದ ವಿರುದ್ಧದ ಪಂದ್ಯದಲ್ಲಿ ಒಂದೊಂದು ಅವಕಾಶಕ್ಕೂ ಒಬ್ಬೊಬ್ಬರನ್ನು ಬದಲಿಸಿ ಕಳುಹಿಸಿದರು. ತಂಡ ಸೋತಿತು. ಆಮೇಲೆ ಸ್ಟಾಬಾಕ್ ಒಬ್ಬರನ್ನೇ ನೆಚ್ಚಿಕೊಂಡಾಗ ತಂಡ ಸತತವಾಗಿ ಹತ್ತು ಪಂದ್ಯ ಗೆದ್ದಿತು. ಹತ್ತನೆಯದು 1972ರ ಜನವರಿ 16ರ ಸೂಪರ್ ಬೌಲ್, ಅಂದರೆ ವೃತ್ತಿಪರ ಫುಟ್‌ಬಾಲ್ ಹಂಗಾಮಿನ ಅಂತಿಮ ಪಂದ್ಯ, ಮಿಯಾಮಿ ಡಾಲ್ಫಿನ್ಸ್ ವಿರುದ್ಧ 24–3. ಅವರೇ ಆ ಪಂದ್ಯದ ಶ್ರೇಷ್ಠ ಆಟಗಾರ. 1978ರ ಜನವರಿಯಲ್ಲಿ ಡೆನ್ವರ್ ತಂಡವನ್ನು 27–10ರಿಂದ ಮಣಿಸಿ ಇನ್ನೊಂದು ಸೂಪರ್ ಬೌಲ್ ಗೆದ್ದರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎದುರು ಎರಡನ್ನು ಸೋತರು. 1975ರ ಡಿಸೆಂಬರ್ 28ರಂದು ಮಿನ್ನೆಸೋಟ ತಂಡದ ಎದುರು ಅರ್ಧ ನಿಮಿಷಕ್ಕಿಂತ ಕಡಿಮೆ ಸಮಯ ಉಳಿದಿದ್ದಾಗ ಡ್ರೂ ಪಿಯರ್ಸನ್ ಅವರತ್ತ ಎಸೆದ 50 ಗಜದ ಚೆಂಡು ಟಚ್‌ಡೌನ್ ಆಗಿ ತಂಡ 17–14ರಲ್ಲಿ ಗೆದ್ದಿತು. ಕಣ್ಮುಚ್ಚಿ ‘ಹೇಲ್ ಮೇರಿ’ ಹೇಳಿಕೊಂಡು ಎಸೆದೆ ಎಂದು ಅವರು ಬಳಿಕ ಹೇಳಿದರು. ಜಪಸರ ಹಿಡಿದು ಹೇಳುವ ಮೇರಿ ಮಾತೆಯ ಪ್ರಾರ್ಥನೆ ಅದು. ಇಂದು ಅಮೆರಿಕದಲ್ಲಿ ರಾಜಕೀಯವಿರಲಿ ವ್ಯಾಪಾರವಿರಲಿ, ಬೇರೆ ದಾರಿಯಿಲ್ಲದೆ ಮಾಡುವ ಕೊನೆಯ ಪ್ರಯತ್ನಕ್ಕೆಲ್ಲ ಆ ಹೆಸರು ಸಲ್ಲುತ್ತಿದೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ಪ್ರತಿ ವರ್ಷ ಹಂಗಾಮು ಮುಗಿದೊಡನೆ ಅವರು ಮಿಲ್ಲರ್ ಕಂಪನಿಯ ಮೇಜಿಗೆ ಹಿಂತಿರುಗುತ್ತಿದ್ದರು. ಏಳು ವರ್ಷ ಹೀಗೆ ಕಲಿತ ಮೇಲೆ, 1977ರಲ್ಲಿ, ಇನ್ನೂ ಆಟದಲ್ಲಿದ್ದಾಗಲೇ, ರಾಬರ್ಟ್ ಹಾಲೊವೇ ಅವರೊಂದಿಗೆ ಸೇರಿ ಹಾಲೊವೇ–ಸ್ಟಾಬಾಕ್ ಎಂಬ ಸಂಸ್ಥೆಯನ್ನು ಆರಂಭಿಸಿದರು. 1979ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ವಿರುದ್ಧ ಕೊನೆಯ ನಾಲ್ಕು ನಿಮಿಷಗಳಲ್ಲಿ 34–21ರ ಹಿನ್ನಡೆಯನ್ನು 35–34ರ ಗೆಲುವಾಗಿಸಿದ ಆಟಗಾರ ಅದೇ ಹೊತ್ತಿಗೆ ಎರಡು ವರ್ಷ ಹಳೆಯ ಕಂಪನಿಯೊಂದರ ಪಾಲುದಾರನೂ ಆಗಿದ್ದರು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದಾಗಿ, ನರರೋಗ ತಜ್ಞರ ಸಲಹೆಯನ್ನೂ ಪಡೆದು, 1980ರ ಮಾರ್ಚಿನಲ್ಲಿ 38ನೆಯ ವಯಸ್ಸಿಗೆ ಆಟ ಬಿಟ್ಟಾಗ ಅವರು ‘ಇನ್ನೇನು ಮಾಡಲಿ’ ಎಂದು ಕೂರಬೇಕಾಗಿ ಬರಲಿಲ್ಲ. 1982ರಲ್ಲಿ ಸಂಸ್ಥೆ ‘ದ ಸ್ಟಾಬಾಕ್ ಕಂಪನಿ’ ಆಯಿತು.

ಆ ಕಂಪನಿ ಮಾಡುತ್ತಿದ್ದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಟೆನೆಂಟ್ ರೆಪ್ರೆಸೆಂಟೇಶನ್ ಎನ್ನುತ್ತಾರೆ. ಬಾಡಿಗೆದಾರನ ಪರ ನಿಂತು ಮಾತುಕತೆ ನಡೆಸುವುದು ಎಂದು ಅದರ ಅರ್ಥ. ಕೇಳಲು ಸಾಧಾರಣವೆನಿಸುವ ಈ ಮಾತಿನ ಮಹತ್ವ ತಿಳಿಯಬೇಕಾದರೆ ಅದಕ್ಕೆ ಮೊದಲಿದ್ದ ಪರಿಸ್ಥಿತಿಯನ್ನು ನೋಡಬೇಕು. ಕಚೇರಿ ಕಟ್ಟಡದ ಮಾಲೀಕರು ಜಾಗ ತುಂಬಿಸಲು ಒಬ್ಬ ದಲ್ಲಾಳಿಯನ್ನು ನೇಮಿಸುತ್ತಿದ್ದರು. ಜಾಗ ಹುಡುಕಿಕೊಂಡು ಬಂದ ಕಂಪನಿ ಆ ದಲ್ಲಾಳಿಯೊಡನೆಯೇ ಮಾತಾಡುತ್ತಿತ್ತು, ಅವನು ತೋರಿಸಿದ್ದನ್ನೇ ನೋಡುತ್ತಿತ್ತು, ಅವನು ಕೊಟ್ಟ ಕರಾರುಪತ್ರಕ್ಕೇ ಸಹಿ ಹಾಕುತ್ತಿತ್ತು. ಮೇಜಿನ ಒಂದು ಕಡೆ ದಿನವೂ ಇದೇ ಕೆಲಸ ಮಾಡುವವರು. ಇನ್ನೊಂದು ಕಡೆ ಐದೋ ಹತ್ತೋ ವರ್ಷಕ್ಕೊಮ್ಮೆ ಮಾತ್ರ ಕರಾರು ನೋಡುವ, ತನ್ನ ನಿಜವಾದ ಕಸುಬು ಬೇರೆಲ್ಲೋ ಇರುವ ಕಂಪನಿ.

ಬಾಡಿಗೆ ಕರಾರಿನಲ್ಲಿ ಹಣ ಅಡಗಿರುವುದು ಚದರಡಿಯ ದರದಲ್ಲಿ ಮಾತ್ರವಲ್ಲ. ನಾನೇ ಕಟ್ಟಿದ ಒಂದು ಲೆಕ್ಕದಿಂದ ಇದನ್ನು ವಿವರಿಸುತ್ತೇನೆ. ಒಂದು ಕಂಪನಿಗೆ ಮೇಜು, ಕುರ್ಚಿ, ಸಭಾಕೋಣೆಗಳಿಗಾಗಿ 10,000 ಚದರಡಿ ಬೇಕು. ಮಾಲೀಕರು ಮೊಗಸಾಲೆ, ಲಿಫ್ಟಿನ ಮುಂದಿನ ಜಾಗ, ಸಾಮಾನ್ಯ ಶೌಚಾಲಯ ಇವುಗಳ ಪಾಲೆಂದು 18 ಶೇಕಡಾ ಸೇರಿಸಿ 11,800 ಚದರಡಿಗೆ ಬಾಡಿಗೆ ಕೇಳುತ್ತಾರೆ. ಚದರಡಿಗೆ ವರ್ಷಕ್ಕೆ 20 ಡಾಲರ್ ದರವಾದರೆ ಹೆಚ್ಚುವರಿ 1,800 ಚದರಡಿಗೆ ವರ್ಷಕ್ಕೆ 36,000 ಡಾಲರ್, ಹತ್ತು ವರ್ಷದ ಕರಾರಿಗೆ 3,60,000 ಡಾಲರ್. ಪಕ್ಕದ ಕಟ್ಟಡದಲ್ಲಿ ದರ 21 ಡಾಲರ್ ಇದ್ದು, ಸೇರಿಸುವ ಪಾಲು 10 ಶೇಕಡಾ ಮಾತ್ರವೆಂದುಕೊಳ್ಳೋಣ. ಆಗ 11,000 ಚದರಡಿಗೆ ವರ್ಷಕ್ಕೆ 2,31,000 ಡಾಲರ್; ಮೊದಲ ಕಟ್ಟಡದಲ್ಲಿ 2,36,000. ದರ ಹೆಚ್ಚೆಂದು ಕಂಡ ಕಟ್ಟಡವೇ ಅಗ್ಗ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಹೋಗಿ ಕಾರ್ಪೆಟ್ ಏರಿಯಾಕ್ಕೂ ಸೂಪರ್ ಬಿಲ್ಟ್‌-ಅಪ್ ಏರಿಯಾಕ್ಕೂ ಇರುವ ಅಂತರ ನೋಡಿ ಬೆಚ್ಚಿದವರಿಗೆ ಈ ಲೆಕ್ಕವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇದು ಒಂದು ಅಂಶ ಮಾತ್ರ. ಬಾಡಿಗೆ ಪ್ರತಿ ವರ್ಷ ಎಷ್ಟು ಏರಬೇಕು, ಮೊದಲ ಎಷ್ಟು ತಿಂಗಳು ಬಾಡಿಗೆಯಿಲ್ಲದೆ ಬಿಡಬೇಕು, ಒಳಗಿನ ಗೋಡೆ ಮತ್ತು ವಿದ್ಯುತ್ ಕೆಲಸಕ್ಕೆ ಮಾಲೀಕರು ಎಷ್ಟು ಕೊಡಬೇಕು, ಕಟ್ಟಡದ ತೆರಿಗೆ ಮತ್ತು ನಿರ್ವಹಣೆ ವೆಚ್ಚ ಏರಿದರೆ ಯಾರ ಮೇಲೆ ಬೀಳಬೇಕು, ಕಂಪನಿ ಬೆಳೆದರೆ ಅದೇ ಮಹಡಿಯಲ್ಲಿ ಇನ್ನಷ್ಟು ಜಾಗ ಕೇಳುವ ಹಕ್ಕಿದೆಯೇ, ಕುಗ್ಗಿದರೆ ಇನ್ನೊಬ್ಬರಿಗೆ ಒಳಬಾಡಿಗೆ ಕೊಡಬಹುದೇ, ಅವಧಿ ಮುಗಿದಾಗ ಯಾವ ದರದಲ್ಲಿ ಮುಂದುವರಿಯಬಹುದು ಎಂಬ ಒಂದೊಂದು ಕಲಮಿನಲ್ಲಿಯೂ ವರ್ಷಗಟ್ಟಲೆ ಹಣ ಹರಿಯುತ್ತದೆ. ಸ್ಟಾಬಾಕ್ ಅವರ ಕಂಪನಿ ಮಾಲೀಕರ ಪರವಾಗಿ ಕೆಲಸ ಹಿಡಿಯುವುದನ್ನು ಬಿಟ್ಟು ಬಳಕೆದಾರರ ಪರ ಮಾತ್ರ ನಿಲ್ಲುವ ದಾರಿ ಹಿಡಿಯಿತು. ನಗರದ ದೊಡ್ಡ ಕಟ್ಟಡಗಳ ಮಾಲೀಕರೊಡನೆ ನಂಟು ಬೆಳೆಸಿದರೆ ಹೆಚ್ಚು ಹಣ ಬರುವ ಧಂದೆಯಲ್ಲಿ ಇದು ಅರ್ಧ ಮಾರುಕಟ್ಟೆಯನ್ನು ಕೈಯಾರೆ ಬಿಟ್ಟುಕೊಟ್ಟಂತೆ. ಆದರೆ ಇದರಿಂದ ಒಂದು ಮಾತನ್ನು ಎದೆ ತಟ್ಟಿ ಹೇಳಲು ಸಾಧ್ಯವಾಯಿತು: ನಾವು ತೋರಿಸುವ ಯಾವ ಕಟ್ಟಡದಲ್ಲಿಯೂ ಮಾಲೀಕರ ಋಣ ನಮಗಿಲ್ಲ.

ಕಾಲವೂ ಈ ಆಯ್ಕೆಗೆ ಕೂಡಿಬಂತು. 1980ರ ದಶಕದ ಮೊದಲರ್ಧದಲ್ಲಿ ಡಲ್ಲಾಸ್ ಮತ್ತು ಹ್ಯೂಸ್ಟನ್ ನಗರಗಳಲ್ಲಿ ತೈಲದ ಹಣ ಹರಿದು ಗಾಜಿನ ಗೋಪುರಗಳು ಒಂದರ ಹಿಂದೊಂದು ಎದ್ದವು. 1986ರಲ್ಲಿ ತೈಲದ ಬೆಲೆ ಕುಸಿಯಿತು. ಸಾಲ ಕೊಟ್ಟಿದ್ದ ಬ್ಯಾಂಕುಗಳು ಮುಳುಗಿದವು. ಟೆಕ್ಸಸ್‌ನ ಹತ್ತು ಅತಿ ದೊಡ್ಡ ಬ್ಯಾಂಕುಗಳಲ್ಲಿ ಒಂಬತ್ತು ಆ ದಶಕದ ತಿರುವಿನೊಳಗೆ ವಿಫಲವಾದವು ಅಥವಾ ಬೇರೆಯವರ ಪಾಲಾದವು. ಕಟ್ಟಡಗಳು ಖಾಲಿ ನಿಂತವು. ಕಟ್ಟುವವರಿಗೂ ಮಾಲೀಕರಿಗೂ ಅದು ಬರಗಾಲ. ಆದರೆ ಖಾಲಿ ಜಾಗ ಹೆಚ್ಚಿದಷ್ಟೂ ಬಾಡಿಗೆದಾರನ ಮಾತಿಗೆ ಬೆಲೆ. ಅವನ ಪರ ನಿಂತು ಚೌಕಾಸಿ ಮಾಡಬಲ್ಲವರಿಗೆ ಕೆಲಸದ ಕೊರತೆಯಾಗಲಿಲ್ಲ. ಮುಂದೆ ಎಟಿ ಆ್ಯಂಡ್ ಟಿ, ಮೆಕ್‌ಡೊನಾಲ್ಡ್ಸ್, ಆಸ್ಪತ್ರೆಗಳ ದೊಡ್ಡ ಸಮೂಹವಾದ ಹಾಸ್ಪಿಟಲ್ ಕಾರ್ಪೊರೇಶನ್ ಆಫ್ ಅಮೆರಿಕದಂತಹ ಸಂಸ್ಥೆಗಳು ಅವರ ಗಿರಾಕಿಗಳಾದವು. ಉತ್ತರ ಅಮೆರಿಕದುದ್ದಕ್ಕೂ 50ಕ್ಕೂ ಹೆಚ್ಚು ಕಚೇರಿಗಳು ತೆರೆದವು.

ಆಟದ ಹೆಸರಿನ ಪಾಲು ಇದರಲ್ಲಿ ಎಷ್ಟು? ಡಲ್ಲಾಸ್‌ನಲ್ಲಿ ಸ್ಟಾಬಾಕ್ ಫೋನ್ ಮಾಡಿದರೆ ತೆಗೆದುಕೊಳ್ಳದ ಕಂಪನಿ ಅಧ್ಯಕ್ಷ ಇರಲಾರನು. ಇದನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ. ಆದರೆ ಆ ಫೋನಿನಿಂದ ಸಿಗುವುದು ಒಂದು ಭೇಟಿ. ಹತ್ತು ವರ್ಷದ ಕರಾರಿಗೆ ಸಹಿ ಹಾಕುವ ಹಣಕಾಸು ಅಧಿಕಾರಿ ಕೇಳುವುದು ಲೆಕ್ಕವನ್ನು. ಕೀರ್ತಿಯನ್ನೇ ಬಂಡವಾಳ ಮಾಡಿಕೊಂಡು ಹೋಟೆಲು, ಅಂಗಡಿ ತೆರೆದು ಕೈಸುಟ್ಟುಕೊಂಡ ಆಟಗಾರರು ಎಲ್ಲ ದೇಶಗಳಲ್ಲಿಯೂ ಇದ್ದಾರೆ, ಅವರ ಹೆಸರು ಕಂಪನಿಯ ಫಲಕದ ಮೇಲಿತ್ತೇ ಹೊರತು ಅವರು ಕಂಪನಿಯ ಒಳಗಿರಲಿಲ್ಲ. ಸ್ಟಾಬಾಕ್ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು, ಅವರು ಪ್ರಸಿದ್ಧಿಯ ತುದಿಯಲ್ಲಿದ್ದ ವರ್ಷಗಳಲ್ಲಿಯೇ ಇನ್ನೊಬ್ಬರ ಕಂಪನಿಯಲ್ಲಿ ಕೆಳಗಿನಿಂದ ಕೆಲಸ ಕಲಿತರು ಎಂಬುದು. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಬಹುಪಾಲು ವರ್ಷ ಮೈದಾನದಲ್ಲಿ ಯಾವ ಆಟ ಆಡಬೇಕೆಂಬುದನ್ನು ಲ್ಯಾಂಡ್ರಿಯವರೇ ತೀರ್ಮಾನಿಸಿ, ಒಬ್ಬ ಆಟಗಾರನ ಬಾಯಲ್ಲಿ ಹೇಳಿ ಕಳುಹಿಸುತ್ತಿದ್ದರು. ಅದನ್ನು ತಾನೇ ನಿರ್ಧರಿಸಬೇಕೆಂಬ ಆಸೆ ಸ್ಟಾಬಾಕ್ ಅವರಿಗೆ ಕೊನೆಯವರೆಗೂ ಇತ್ತು. ಬಾಡಿಗೆ ಮಾತುಕತೆಯಲ್ಲಿ ಎದುರಿನವರು ಏನು ಬಚ್ಚಿಟ್ಟಿದ್ದಾರೆಂದು ಓದುವುದೂ, ಯೋಜಿಸಿದ್ದು ಫಲಿಸದಿದ್ದರೆ ಆ ಕ್ಷಣವೇ ಬೇರೆ ದಾರಿ ಹಿಡಿಯುವುದೂ, ಯಾವ ದಾರಿ ಎಂದು ನಿರ್ಧರಿಸುವುದೂ ಅವರದೇ ಆಗಿತ್ತು.

2007ರ ಜೂನಿನಲ್ಲಿ ಅವರು ಮುಖ್ಯ ಕಾರ್ಯನಿರ್ವಾಹಕ ಹುದ್ದೆಯನ್ನು ಬಿಟ್ಟುಕೊಟ್ಟರು. 2008ರ ಜುಲೈ 11ರಂದು ಶಿಕಾಗೊದಲ್ಲಿ ಕೇಂದ್ರ ಕಚೇರಿ ಹೊಂದಿರುವ ಜೋನ್ಸ್ ಲ್ಯಾಂಗ್ ಲಸಾಲ್ ಸಂಸ್ಥೆ ಸ್ಟಾಬಾಕ್ ಕಂಪನಿಯನ್ನು 61.3 ಕೋಟಿ ಡಾಲರ್‌ಗಳಿಗೆ ಕೊಂಡಿತು. ಹಣವಷ್ಟೂ ಒಮ್ಮೆಲೇ ಕೈಸೇರುವ ಒಪ್ಪಂದ ಅದಾಗಿರಲಿಲ್ಲ, ದೊಡ್ಡ ಪಾಲು ಮುಂದಿನ ವರ್ಷಗಳ ಕಂತುಗಳಲ್ಲಿ ಬರಬೇಕಿತ್ತು. ಎರಡು ತಿಂಗಳ ತರುವಾಯ, ಸೆಪ್ಟೆಂಬರಿನಲ್ಲಿ, ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾಗಿ ಜಗತ್ತಿನ ಕಟ್ಟಡ ಮಾರುಕಟ್ಟೆಯೇ ನೆಲಕಚ್ಚಿತು. ಕಂಪನಿ ಮಾರಿದ ಮೇಲೂ ಸ್ಟಾಬಾಕ್ ಸುಮ್ಮನಾಗದೆ ಹೊಸ ಸಂಸ್ಥೆಯ ಅಮೆರಿಕಾ ಖಂಡಗಳ ವಿಭಾಗದ ಕಾರ್ಯನಿರ್ವಾಹಕ ಅಧ್ಯಕ್ಷರಾಗಿ ವರ್ಷಗಳ ಕಾಲ ದುಡಿದರು. 2018ರ ನವೆಂಬರಿನಲ್ಲಿ ಅವರಿಗೆ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ನೀಡಲಾಯಿತು. ಅಮೆರಿಕದಲ್ಲಿ ನಾಗರಿಕರಿಗೆ ಸಲ್ಲುವ ಅತ್ಯುನ್ನತ ಗೌರವ ಅದು.

ಇಂದು ಜೆಎಲ್ಎಲ್ ಎಂದು ಕರೆಯಲಾಗುವ ಆ ಸಂಸ್ಥೆಗೆ ಬೆಂಗಳೂರಿನಲ್ಲಿಯೂ ಕಚೇರಿಯಿದೆ. ಹೊರವರ್ತುಲ ರಸ್ತೆಯಲ್ಲಿ, ವೈಟ್‌ಫೀಲ್ಡ್‌ನಲ್ಲಿ ಟೆಕ್ ಪಾರ್ಕಿನ ಮಹಡಿಗಳನ್ನು ಹಿಡಿಯಲು ವಿದೇಶಿ ಕಂಪನಿಗಳು ಬಂದಾಗ ಅವುಗಳ ಪಕ್ಕದಲ್ಲಿ ಇಂತಹ ಸಲಹಾ ಸಂಸ್ಥೆಯೊಂದರ ತಂಡ ಕೂತಿರುವುದು ಈಗ ವಾಡಿಕೆ. ಅಲ್ಲಿ ಮಾತು ನಡೆಯುವುದು ಚದರಡಿಗೆ ತಿಂಗಳ ಲೆಕ್ಕದಲ್ಲಿ, ಅಮೆರಿಕದಲ್ಲಿ ವರ್ಷದ ಲೆಕ್ಕದಲ್ಲಿ. ಉಳಿದಂತೆ ಕಲಮುಗಳ ಹೋರಾಟ ಅದೇ.

ಈ ವೃತ್ತಿಯ ಬಗ್ಗೆ ಒಂದು ಆಕ್ಷೇಪ ಮೊದಲಿನಿಂದಲೂ ಇದೆ, ಅದನ್ನು ಹೇಳದೆ ಬಿಟ್ಟರೆ ವಿವರಣೆ ಪೂರ್ತಿಯಾಗುವುದಿಲ್ಲ. ಅಮೆರಿಕದಲ್ಲಿ ಬಾಡಿಗೆದಾರನ ಪರ ನಿಂತ ದಲ್ಲಾಳಿಗೂ ಕಮಿಷನ್ ಕೊಡುವವರು ಸಾಮಾನ್ಯವಾಗಿ ಕಟ್ಟಡದ ಮಾಲೀಕರೇ, ಅದೂ ಒಟ್ಟು ಬಾಡಿಗೆಯ ಶೇಕಡಾವಾರು ಲೆಕ್ಕದಲ್ಲಿ. ಮೇಲಿನ ಉದಾಹರಣೆಯ ಮೊದಲ ಕಟ್ಟಡವನ್ನೇ ತೆಗೆದುಕೊಂಡರೆ ಹತ್ತು ವರ್ಷದ ಬಾಡಿಗೆ 23,60,000 ಡಾಲರ್. 4 ಶೇಕಡಾ ಕಮಿಷನ್ ಎಂದುಕೊಂಡರೆ 94,400 ಡಾಲರ್. ದಲ್ಲಾಳಿ ಚೌಕಾಸಿ ಮಾಡಿ ಬಾಡಿಗೆಯನ್ನು 10 ಶೇಕಡಾ ಇಳಿಸಿದರೆ ಗಿರಾಕಿಗೆ ಉಳಿಯುವುದು 2,36,000 ಡಾಲರ್, ದಲ್ಲಾಳಿಯ ಕಿಸೆಯಿಂದ ಹೋಗುವುದು 9,440 ಡಾಲರ್. ಅಂದರೆ ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಅವನ ಆದಾಯ ಇಳಿಯುತ್ತದೆ. ಇಷ್ಟಾದರೂ ಅವನು ಇಳಿಸುತ್ತಾನೆ ಎಂದು ಗಿರಾಕಿ ನಂಬುವುದು, ಐದು ವರ್ಷದ ಮೇಲೆ ಇನ್ನೊಂದು ಊರಿನ ಕಚೇರಿಗೂ ಅವನನ್ನೇ ಕರೆಯುವ ಸಾಧ್ಯತೆ ಇರುವುದರಿಂದ. ಕೆಲವು ದೊಡ್ಡ ಕಂಪನಿಗಳು ಈ ತೊಡಕನ್ನು ತಪ್ಪಿಸಲೆಂದೇ ಮೊದಲೇ ನಿಗದಿ ಶುಲ್ಕವನ್ನು ಮಾತಾಡಿಕೊಂಡು, ಮಾಲೀಕರಿಂದ ಬರುವ ಕಮಿಷನ್ನಿನ ಒಂದು ಪಾಲನ್ನು ತಮ್ಮ ಲೆಕ್ಕಕ್ಕೆ ಜಮಾ ಮಾಡಿಸಿಕೊಳ್ಳುತ್ತವೆ.